ಹಾಸಿಗೆ ಬಿಟ್ಟು ಬಂದ ಡ್ರಿಪ್

ಹೃದಯದ ಕವಾಟಕ್ಕೆ ಬ್ಯಾಕ್ಟೀರಿಯಾ ಕಚ್ಚಿಕೊಂಡರೆ ಚಿಕಿತ್ಸೆ ನಾಲ್ಕರಿಂದ ಆರು ವಾರ ನಡೆಯುತ್ತದೆ. ಮೂಳೆಯೊಳಗೆ ಕೀವು ಕಟ್ಟಿದರೂ ಸುಮಾರು ಅಷ್ಟೇ. ಇಷ್ಟು ದೀರ್ಘ ಅವಧಿಯಲ್ಲಿ ರೋಗಿಗೆ ಆಸ್ಪತ್ರೆ ನಿಜಕ್ಕೂ ಬೇಕಾಗುವುದು ಸಾಮಾನ್ಯವಾಗಿ ಮೊದಲ ಒಂದೆರಡು ವಾರ. ಜ್ವರ ಇಳಿದು, ಊಟ ಸೇರಿ, ತಾನೇ ಎದ್ದು ಓಡಾಡುವಂತಾದ ಮೇಲೂ ಆತ ವಾರ್ಡಿನಲ್ಲೇ ಉಳಿಯುತ್ತಾನೆ. ಔಷಧಿ ರಕ್ತನಾಳದ ಮೂಲಕ ಹೋಗಬೇಕು, ಅದನ್ನು ಕೊಡುವ ನರ್ಸ್ ಅಲ್ಲಿದ್ದಾರೆ, ಅಷ್ಟೇ ಕಾರಣ. ಪೆನಿಸಿಲಿನ್ ಬಂದ ಮೇಲಿನ ಮೂರು ದಶಕ ಇದನ್ನು ಯಾರೂ ಪ್ರಶ್ನಿಸಲಿಲ್ಲ, ಪ್ರಶ್ನಿಸುವಂತೆಯೂ ಇರಲಿಲ್ಲ. ರಕ್ತದಲ್ಲಿ ಪೆನಿಸಿಲಿನ್ ಪ್ರಮಾಣ ಅರ್ಧಕ್ಕಿಳಿಯಲು ಅರ್ಧ ಗಂಟೆ ಸಾಕು. ನಾಲ್ಕು ಗಂಟೆಗೊಮ್ಮೆ, ರಾತ್ರಿ ಎರಡಕ್ಕೂ ಬೆಳಗಿನ ಆರಕ್ಕೂ ಕೊಡಬೇಕಾದ ಔಷಧಿಯನ್ನು ಮನೆಯಲ್ಲಿ ಕೊಡುವವರು ಯಾರು?

1974ರಲ್ಲಿ ಅಮೆರಿಕದ ರಕ್ಕರ್ ಮತ್ತು ಹ್ಯಾರಿಸನ್ ಎಂಬ ವೈದ್ಯರು ಒಂದು ವರದಿ ಪ್ರಕಟಿಸಿದರು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯ ಮಕ್ಕಳಿಗೆ ಶ್ವಾಸಕೋಶದ ಸೋಂಕು ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ವಾರಗಟ್ಟಲೆ ಆಸ್ಪತ್ರೆ. ಬಾಲ್ಯದ ದೊಡ್ಡ ಭಾಗ ವಾರ್ಡಿನಲ್ಲೇ ಕಳೆದುಹೋಗುತ್ತಿದ್ದ ಆ ಮಕ್ಕಳಿಗೆ ಮನೆಯಲ್ಲೇ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಕೊಡಬಹುದೆಂದು ಅವರು ತೋರಿಸಿದರು. 1978ರ ಹೊತ್ತಿಗೆ ಕೆನಡಾದಲ್ಲಿಯೂ ಅಮೆರಿಕದಲ್ಲಿಯೂ ವಯಸ್ಕರು ತರಬೇತಿ ಪಡೆದು ತಮ್ಮ ಔಷಧಿಯನ್ನು ತಾವೇ ಏರಿಸಿಕೊಳ್ಳತೊಡಗಿದ್ದರು. ಆಮೇಲೆ ಎರಡು ಸಂಗತಿಗಳು ಬೆನ್ನುಬೆನ್ನಿಗೆ ನಡೆದವು. 1983ರಲ್ಲಿ ಅಮೆರಿಕದ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್, ಆಸ್ಪತ್ರೆಗಳಿಗೆ ದಿನಗಳ ಲೆಕ್ಕ ಬಿಟ್ಟು ಕಾಯಿಲೆಗಿಷ್ಟು ಎಂಬ ನಿಗದಿತ ಹಣ ಕೊಡಲು ಶುರುಮಾಡಿತು. ರೋಗಿಯನ್ನು ಬೇಗ ಮನೆಗೆ ಕಳಿಸುವುದು ಆಸ್ಪತ್ರೆಗೇ ಲಾಭವಾಯಿತು. 1984ರಲ್ಲಿ ಸೆಫ್ಟ್ರಿಯಾಕ್ಸೋನ್ ಅಲ್ಲಿನ ಮಾರುಕಟ್ಟೆಗೆ ಬಂತು. ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಆರರಿಂದ ಎಂಟು ಗಂಟೆ ಹಿಡಿಯುತ್ತದೆ. ಹಾಗಾಗಿ ದಿನಕ್ಕೊಂದು ಡೋಸ್ ಸಾಕು. ದಿನಕ್ಕೊಂದು ಡೋಸ್ ಎಂದಾದ ಮೇಲೆ ರೋಗಿ ಕ್ಲಿನಿಕ್ಕಿಗೆ ನಡೆದು ಬಂದು, ಅರ್ಧ ಗಂಟೆ ಕುರ್ಚಿಯಲ್ಲಿ ಕೂತು, ಮನೆಗೋ ಕೆಲಸಕ್ಕೋ ಹೋಗಬಹುದು. ಸೋಂಕುರೋಗ ತಜ್ಞರು ಈ ಪದ್ಧತಿಯನ್ನು ಓಪ್ಯಾಟ್ ಎಂದು ಕರೆಯುತ್ತಾರೆ. ಅಮೆರಿಕದ ಸೋಂಕುರೋಗ ಸಂಘ ಇದಕ್ಕೆ 1997, 2004 ಮತ್ತು 2018ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿದೆ.

ಈ ಐವತ್ತು ವರ್ಷಗಳ ಅನುಭವವನ್ನು ಒಟ್ಟಾಗಿ ಓದಿದಾಗ ನನಗೆ ಮನವರಿಕೆಯಾದದ್ದು ಇದು: ಡ್ರಿಪ್ಪನ್ನು ಎಲ್ಲಿ ಏರಿಸಿದರು ಎಂಬುದು ಸಣ್ಣ ವಿಷಯ. ರಕ್ತನಾಳ ಬೇಕಿತ್ತೇ ಎಂದು ಮೊದಲು ಕೇಳಿದವರು ಯಾರು, ಏರಿಸಿದ ಮೇಲೆ ಆ ರೋಗಿಯ ಜವಾಬ್ದಾರಿ ಹೊತ್ತವರು ಯಾರು ಎಂಬುದರ ಮೇಲೆ ಫಲ ನಿಂತಿದೆ.

ಅಮೆರಿಕದ ಅರ್ಜೆಂಟ್ ಕೇರ್ ಕ್ಲಿನಿಕ್ಕುಗಳಲ್ಲಿ ಈ ಪ್ರಶ್ನೆ ಅತಿ ಸ್ಪಷ್ಟವಾಗಿ ಎದುರಾಗುತ್ತದೆ. 1970ರ ದಶಕದಲ್ಲಿ ಹುಟ್ಟಿದ ಈ ಕ್ಲಿನಿಕ್ಕುಗಳು ಇಂದು ಅಲ್ಲಿನ ಅಂಗಡಿ ಸಾಲುಗಳಲ್ಲೆಲ್ಲ ಇವೆ. ಅಪಾಯಿಂಟ್‌ಮೆಂಟ್ ಬೇಡ, ಸಂಜೆಯೂ ವಾರಾಂತ್ಯವೂ ತೆರೆದಿರುತ್ತವೆ, ಎಕ್ಸ್‌ರೇ, ಹೊಲಿಗೆ, ಸಣ್ಣಪುಟ್ಟ ರಕ್ತಪರೀಕ್ಷೆ ಸಿಗುತ್ತವೆ, ಎಮರ್ಜೆನ್ಸಿ ವಿಭಾಗದ ಬಿಲ್ಲಿಗೆ ಹೋಲಿಸಿದರೆ ಖರ್ಚು ಬಹಳ ಕಡಿಮೆ. ಮಕ್ಕಳನ್ನು ನೋಡಲು ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಹೋಗಿ, ಪ್ರವಾಸಿ ವಿಮೆಯನ್ನು ನಂಬಿಕೊಂಡು ಅಲ್ಲಿ ತಂಗಿರುವ ತಂದೆತಾಯಿಗಳಿಗೆ ಜ್ವರ ಬಂದರೆ ಮೊದಲು ಕರೆದೊಯ್ಯುವುದು ಇಂಥ ಕಡೆಗೇ. ಆದರೆ ಈ ಕ್ಲಿನಿಕ್ಕುಗಳ ಶಕ್ತಿಯೇ ಅವುಗಳ ದೌರ್ಬಲ್ಯವೂ ಹೌದು. ಶುಕ್ರವಾರ ನೋಡಿದ ವೈದ್ಯರು ಶನಿವಾರ ಇರುವುದಿಲ್ಲ. ಸೋಂಕುರೋಗ ತಜ್ಞರ ಜೊತೆ ನೇರ ಸಂಪರ್ಕ ಇರುವ ಕ್ಲಿನಿಕ್ಕುಗಳು ವಿರಳ. ಒಂದು ದಿನದ, ಎರಡು ದಿನದ ಚಿಕಿತ್ಸೆಗೆ ಅವು ಹೇಳಿ ಮಾಡಿಸಿದಂತಿವೆ. ಆರು ವಾರದ ಚಿಕಿತ್ಸೆಗೆ ಅಲ್ಲ.

ಮೂತ್ರಪಿಂಡಕ್ಕೆ ಸೋಂಕು ಏರಿದ ಮಹಿಳೆಯೊಬ್ಬಳನ್ನು ಊಹಿಸಿಕೊಳ್ಳಿ. ಚಳಿಜ್ವರ, ಪಕ್ಕೆನೋವು ಇದೆ, ಆದರೆ ವಾಂತಿಯಿಲ್ಲ, ರಕ್ತದೊತ್ತಡ ಸರಿಯಾಗಿದೆ, ಗರ್ಭಿಣಿಯಲ್ಲ. 2011ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ಆ ಊರಿನಲ್ಲಿ ಸಿಪ್ರೋಫ್ಲಾಕ್ಸಾಸಿನ್ ಗುಂಪಿನ ಮಾತ್ರೆಗಳಿಗೆ ಪ್ರತಿರೋಧ ಶೇ 10ಕ್ಕಿಂತ ಹೆಚ್ಚಿದ್ದರೆ, ಮೊದಲಿಗೆ ಒಂದು ಗ್ರಾಂ ಸೆಫ್ಟ್ರಿಯಾಕ್ಸೋನ್‌ನಂಥ ದೀರ್ಘಕಾಲ ನಿಲ್ಲುವ ಔಷಧಿಯನ್ನು ಒಮ್ಮೆ ಕೊಟ್ಟು, ಮೂತ್ರದ ಕಲ್ಚರ್ ಕಳಿಸಿ, ಮಾತ್ರೆಯ ಮೇಲೆ ಮನೆಗೆ ಕಳಿಸಬಹುದು. ಇದು ಅರ್ಜೆಂಟ್ ಕೇರ್‌ನ ಕೈಯಳತೆಯ ಕೆಲಸ. ನಮ್ಮಲ್ಲಿ ಆ ಪ್ರತಿರೋಧ ಶೇ 10ನ್ನು ಎಂದೋ ದಾಟಿದೆ. ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ಇ. ಕೋಲಿ ಬ್ಯಾಕ್ಟೀರಿಯಾ ಊರೂರಲ್ಲಿದೆ. ಹಾಗಾಗಿ ಇಲ್ಲಿ ಕಲ್ಚರ್ ಕಳಿಸದೆ ಸೂಜಿ ಕೊಡುವುದು ಕಣ್ಣುಮುಚ್ಚಿ ನಡೆದಂತೆ.

ಇನ್ನು ಸೆಲ್ಯುಲೈಟಿಸ್, ಕಾಲಿನ ಚರ್ಮ ಕೆಂಪಗೆ ಬಿಸಿಯಾಗಿ ಊದಿಕೊಳ್ಳುವ ಸೋಂಕು. ಹೊರರೋಗಿಗಳಿಗೆ ಆಂಟಿಬಯೋಟಿಕ್ ಡ್ರಿಪ್ ಏರುವ ಪ್ರಮುಖ ಕಾರಣಗಳಲ್ಲಿ ಇದೂ ಒಂದು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ 200 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಅರ್ಧದಷ್ಟು ಜನರಿಗೆ ಆಸ್ಪತ್ರೆಯಲ್ಲಿ, ಉಳಿದವರಿಗೆ ಮನೆಯಲ್ಲಿ ರಕ್ತನಾಳದ ಚಿಕಿತ್ಸೆ ಕೊಟ್ಟು ನೋಡಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಕೆಂಪು ಹರಡುವುದು ನಿಲ್ಲಲು ಹಿಡಿದ ಸಮಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮನೆಯಲ್ಲಿದ್ದವರಿಗೆ ಸಮಾಧಾನ ಹೆಚ್ಚಿತ್ತು. ಅದೇ ದೇಶದಲ್ಲಿ ಹಳೆಯ, ಅಗ್ಗದ ಸೆಫಜೋಲಿನ್ ಜೊತೆಗೆ ಪ್ರೊಬೆನೆಸಿಡ್ ಮಾತ್ರೆ ಕೊಡುವ ರೂಢಿಯಿದೆ. ಔಷಧಿ ಮೂತ್ರದಲ್ಲಿ ಹರಿದುಹೋಗುವುದನ್ನು ಈ ಮಾತ್ರೆ ತಡೆಯುವುದರಿಂದ ದಿನಕ್ಕೊಮ್ಮೆ ಕೊಟ್ಟರೂ ಸಾಕಾಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆನಿಸಿಲಿನ್ ಕೊರತೆ ಇದ್ದಾಗ ಹುಡುಕಿದ ಉಪಾಯದ ಮುಂದುವರಿಕೆ ಇದು. ದುಬಾರಿ, ವಿಶಾಲ ವ್ಯಾಪ್ತಿಯ ಔಷಧಿಯನ್ನು ಉಳಿಸಿ ಹಳೆಯದನ್ನೇ ಜಾಣತನದಿಂದ ಬಳಸುವ ಈ ದಾರಿ ನನಗೆ ಬಹಳ ಮೆಚ್ಚುಗೆಯಾದದ್ದು.

ಆದರೆ ಸೆಲ್ಯುಲೈಟಿಸ್ ಎಂದುಕೊಂಡದ್ದೆಲ್ಲ ಸೆಲ್ಯುಲೈಟಿಸ್ ಅಲ್ಲ. ಕಾಲಿನ ಸೆಲ್ಯುಲೈಟಿಸ್ ಎಂದು ಆಸ್ಪತ್ರೆಗೆ ದಾಖಲಾದ 259 ಜನರನ್ನು ಮರುಪರಿಶೀಲಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ ಸುಮಾರು ಶೇ 30 ಮಂದಿಗೆ ಆ ಸೋಂಕೇ ಇರಲಿಲ್ಲ. ಎರಡೂ ಕಾಲು ಒಟ್ಟಿಗೆ ಕೆಂಪಾಗಿದ್ದರೆ ಅದು ಬಹುಪಾಲು ರಕ್ತ ಕೆಳಗೆ ನಿಂತು ಉಂಟಾದ ಚರ್ಮದ ಉರಿಯೂತ. ಅದಕ್ಕೆ ಆಂಟಿಬಯೋಟಿಕ್ ಬೇಕಿಲ್ಲ, ಕಾಲು ಎತ್ತಿಟ್ಟುಕೊಂಡು ಬಿಗಿ ಪಟ್ಟಿ ಕಟ್ಟಿಕೊಳ್ಳಬೇಕು. ನಿಜವಾದ ಸೆಲ್ಯುಲೈಟಿಸ್‌ನಲ್ಲಿಯೂ ಸರಿಯಾದ ಔಷಧಿ ಬಿದ್ದ ಮೊದಲ ಒಂದೆರಡು ದಿನ ಕೆಂಪು ಇನ್ನಷ್ಟು ಹರಡಿದಂತೆ ಕಾಣಬಹುದು. ಪೆನ್ನಿನಿಂದ ಅಂಚು ಗುರುತಿಸಿ ಕಾಯುವ ತಾಳ್ಮೆ ಇಲ್ಲದಿದ್ದರೆ, ಕೆಲಸ ಮಾಡುತ್ತಿರುವ ಮಾತ್ರೆಯನ್ನು ಬಿಡಿಸಿ ಡ್ರಿಪ್ಪಿಗೆ ಹಾಕಿಬಿಡುತ್ತಾರೆ.

ಕುರ್ಚಿಯಲ್ಲಿ ಕೂತ ಆ ಅರ್ಧ ಗಂಟೆಯಲ್ಲಿ ಏನೇನು ಸರಿಯಾಗಿರಬೇಕು ಎಂಬುದನ್ನು ರೋಗಿಯ ಮನೆಯವರೂ ತಿಳಿದಿರಬೇಕು. ಅಲರ್ಜಿಯ ತೀವ್ರ ಪ್ರತಿಕ್ರಿಯೆ ಬಂದರೆ ಬೇಕಾದದ್ದು ಅಡ್ರಿನಲಿನ್, ವಯಸ್ಕರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಹೊರಭಾಗದ ಸ್ನಾಯುವಿಗೆ, ತಡಮಾಡದೆ. ಬೀಗ ಹಾಕಿದ ಕಪಾಟಿನಲ್ಲಿದ್ದರೆ ಅದು ಇದ್ದೂ ಇಲ್ಲದಂತೆ. ನಮ್ಮಲ್ಲಿ ಚರ್ಮದಡಿ ಒಂದು ಹನಿ ಚುಚ್ಚಿ ಟೆಸ್ಟ್ ಡೋಸ್ ನೋಡುವ ರೂಢಿ ಎಲ್ಲೆಡೆ ಇದೆ. ಅದು ಸರಿಬಂತೆಂಬ ಧೈರ್ಯದಲ್ಲಿ ಪೂರ್ತಿ ಡೋಸ್ ಕೊಟ್ಟ ಕೂಡಲೇ ರೋಗಿಯನ್ನು ಕಳಿಸುವುದು ಅಪಾಯ. ಟೆಸ್ಟ್ ಡೋಸ್ ಸರಿಬಂದವರಿಗೂ ಪ್ರತಿಕ್ರಿಯೆ ಬರಬಹುದು. ಹಿಂದೆ ಯಾವ ಔಷಧಿಗೆ ಏನಾಗಿತ್ತು ಎಂದು ಬಿಡಿಸಿ ಕೇಳುವುದು, ಮೊದಲ ಡೋಸಿನ ನಂತರ ಕಣ್ಣಳತೆಯಲ್ಲಿ ಕೂರಿಸಿಕೊಳ್ಳುವುದು ಹೆಚ್ಚು ಪ್ರಯೋಜನಕಾರಿ. ವ್ಯಾಂಕೋಮೈಸಿನ್ ಆದರೆ ಒಂದು ಗ್ರಾಮಿಗೆ ಕನಿಷ್ಠ ಒಂದು ಗಂಟೆ ಬೇಕು. ಅವಸರದಲ್ಲಿ ಬಿಟ್ಟರೆ ಕುತ್ತಿಗೆ, ಮುಖ ಕೆಂಪೇರಿ ತುರಿಕೆ ಹತ್ತುತ್ತದೆ, ಒತ್ತಡ ಕುಸಿಯಬಹುದು. ಅದನ್ನು ಅಲರ್ಜಿ ಎಂದು ಬರೆದುಬಿಟ್ಟರೆ ಮುಂದೆ ಬೇಕಾದಾಗ ಒಳ್ಳೆಯ ಔಷಧಿಯೊಂದು ಕೈತಪ್ಪುತ್ತದೆ. ಸ್ನಾಯುವಿಗೆ ಕೊಡಲೆಂದು ಲಿಡೋಕೇನ್ ಬೆರೆಸಿದ ಸೆಫ್ಟ್ರಿಯಾಕ್ಸೋನ್ ಯಾವ ಕಾರಣಕ್ಕೂ ರಕ್ತನಾಳಕ್ಕೆ ಹೋಗಬಾರದು.

ವಾರಗಟ್ಟಲೆ ನಡೆಯುವ ಚಿಕಿತ್ಸೆಯಲ್ಲಿ ಕೆಲಸ ಬೇರೆಯೇ. ವ್ಯಾಂಕೋಮೈಸಿನ್ ಮೂತ್ರಪಿಂಡವನ್ನು ಕಾಡಬಹುದು, ರಕ್ತದಲ್ಲಿ ಅದರ ಮಟ್ಟ ಅಳೆಯುತ್ತಿರಬೇಕು. ಅಮಿಕಾಸಿನ್, ಜೆಂಟಾಮೈಸಿನ್ ಮೂತ್ರಪಿಂಡದ ಜೊತೆಗೆ ಕಿವಿಯನ್ನೂ ಕೆಡಿಸಬಲ್ಲವು, ಆ ಕಿವುಡು ಮರಳದಿರಬಹುದು. ಡ್ಯಾಪ್ಟೋಮೈಸಿನ್ ಸ್ನಾಯುಗಳಿಗೆ, ಲೈನಜೊಲಿಡ್ ಪ್ಲೇಟ್‌ಲೆಟ್‌ಗಳಿಗೆ ಕಂಟಕ. ಸೆಫೆಪೈಮ್ ಕೊಟ್ಟ ವೃದ್ಧರಿಗೆ ಮೂತ್ರಪಿಂಡ ದುರ್ಬಲವಾಗಿದ್ದರೆ ಬುದ್ಧಿಭ್ರಮೆ ಬರಬಹುದು. ಮನೆಯವರು ಅದನ್ನು ವಯಸ್ಸಿನ ಮರೆವೆಂದುಕೊಳ್ಳುತ್ತಾರೆ. ಇದಕ್ಕಾಗಿಯೇ ವಾರಕ್ಕೊಮ್ಮೆ ರಕ್ತಪರೀಕ್ಷೆ ಮಾಡಬೇಕೆಂಬುದು ಓಪ್ಯಾಟ್‌ನ ಬೆನ್ನೆಲುಬು. ಪರೀಕ್ಷೆ ಬರೆದುಕೊಡುವುದು ಸುಲಭ. ವರದಿ ಬಂದ ದಿನ ಅದನ್ನು ಓದಿ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಏರಿದೆಯೆಂದು ಕಂಡು, ಅದೇ ಸಂಜೆ ರೋಗಿಗೆ ಫೋನ್ ಮಾಡುವ ಒಬ್ಬ ವ್ಯಕ್ತಿ ಬೇಕು. ಆ ವ್ಯಕ್ತಿ ಇಲ್ಲದ ಕಡೆ ಓಪ್ಯಾಟ್ ಇಲ್ಲ, ಇಂಜೆಕ್ಷನ್ ಕೊಡುವ ಕೋಣೆ ಮಾತ್ರ ಇದೆ.

ನಾಳದ ಕಥೆಯೂ ಹಾಗೆಯೇ. ಮುಂಗೈಗೆ ಹಾಕಿದ ಕ್ಯಾನುಲಾ ಕೆಲವು ದಿನಗಳಲ್ಲಿ ಊದಿಕೊಂಡು ನೋಯುತ್ತದೆ. ವಾರಗಟ್ಟಲೆ ಬೇಕೆಂದರೆ ತೋಳಿನಿಂದ ಹೃದಯದ ಹತ್ತಿರದವರೆಗೆ ಹೋಗುವ ಪಿಕ್ ಲೈನ್ ಹಾಕುತ್ತಾರೆ. ಅದರಲ್ಲಿ ರಕ್ತ ಹೆಪ್ಪುಗಟ್ಟಬಹುದು, ಅದರಿಂದಲೇ ಹೊಸ ಸೋಂಕು ಹುಟ್ಟಬಹುದು. ಮೂತ್ರಪಿಂಡ ಸೋಲುತ್ತಿರುವವರಿಗೆ ತೋಳಿನ ನಾಳಗಳನ್ನು ಮುಂದಿನ ಡಯಾಲಿಸಿಸ್‌ಗಾಗಿ ಕಾಪಾಡಬೇಕು. ಅಂಥವರಿಗೆ ಪಿಕ್ ಬೇಡವೆಂದು 2018ರ ಮಾರ್ಗಸೂಚಿ ಹೇಳುತ್ತದೆ.

ಹೀಗೆ ಅಪಾಯಗಳನ್ನು ಲೆಕ್ಕ ಹಾಕಿದಾಗ ಮೊದಲ ಪ್ರಶ್ನೆ ಮತ್ತೆ ಮುಂದೆ ಬರುತ್ತದೆ: ರಕ್ತನಾಳವೇ ಬೇಕಿತ್ತೆ? 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಓವಿವಾ ಅಧ್ಯಯನದಲ್ಲಿ ಮೂಳೆ ಮತ್ತು ಕೀಲುಗಳ ಸೋಂಕಿನ 1,054 ರೋಗಿಗಳಿದ್ದರು. ಮೊದಲ ವಾರ ಕಳೆಯುವುದರೊಳಗೆ ಅರ್ಧದಷ್ಟು ಜನರನ್ನು ಬಾಯಿಯ ಔಷಧಿಗೆ ಬದಲಿಸಿದರು. ಒಂದು ವರ್ಷದ ನಂತರ ನೋಡಿದರೆ ಚಿಕಿತ್ಸೆ ವಿಫಲವಾದದ್ದು ರಕ್ತನಾಳದ ಗುಂಪಿನಲ್ಲಿ ಶೇ 14.6, ಬಾಯಿಯ ಗುಂಪಿನಲ್ಲಿ ಶೇ 13.2. ಡೆನ್ಮಾರ್ಕಿನ ಪೊಯೆಟ್ ಅಧ್ಯಯನ ಇನ್ನೂ ಸೂಕ್ಷ್ಮವಾದ ಜಾಗಕ್ಕೆ, ಹೃದಯದ ಎಡಭಾಗದ ಕವಾಟದ ಸೋಂಕಿಗೆ ಕೈಹಾಕಿತು. ಸ್ಥಿರವಾದ 400 ರೋಗಿಗಳಲ್ಲಿ ಅರ್ಧ ಜನರಿಗೆ ಮೊದಲ ಹಂತದ ನಂತರ ಮಾತ್ರೆ ಕೊಟ್ಟರು. ಸಾವು, ಅನಿರೀಕ್ಷಿತ ಹೃದಯ ಶಸ್ತ್ರಚಿಕಿತ್ಸೆ, ರಕ್ತದ ಗಡ್ಡೆ ಹೋಗಿ ಸಿಕ್ಕಿಕೊಳ್ಳುವುದು, ಸೋಂಕು ಮರಳುವುದು ಇವೆಲ್ಲ ಸೇರಿ ರಕ್ತನಾಳದ ಗುಂಪಿನಲ್ಲಿ ಶೇ 12.1, ಮಾತ್ರೆಯ ಗುಂಪಿನಲ್ಲಿ ಶೇ 9. ಈ ಎರಡು ಅಧ್ಯಯನಗಳು ದಶಕಗಳ ನಂಬಿಕೆಯನ್ನು ಅಲುಗಾಡಿಸಿದವು. ಲೈನಜೊಲಿಡ್, ಲಿವೊಫ್ಲಾಕ್ಸಾಸಿನ್, ಮೆಟ್ರೊನಿಡಜೋಲ್‌ನಂಥ ಔಷಧಿಗಳು ಕರುಳಿನಿಂದ ಹೆಚ್ಚುಕಡಿಮೆ ಪೂರ್ತಿಯಾಗಿ ರಕ್ತಕ್ಕೆ ಸೇರುತ್ತವೆ. ನುಂಗಬಲ್ಲ ರೋಗಿಗೆ ಅವನ್ನು ಡ್ರಿಪ್ಪಿನಲ್ಲಿ ಕೊಟ್ಟು ಗಳಿಸುವುದೇನೂ ಇಲ್ಲ.

ಇದನ್ನು ನಮ್ಮ ಊರುಗಳಲ್ಲಿ ಒಪ್ಪಿಸುವುದು ಕಷ್ಟ. ಸೂಜಿ ಚುಚ್ಚದ ಡಾಕ್ಟರು ಡಾಕ್ಟರೇ ಅಲ್ಲ, ಬಾಟಲಿ ಏರಿಸದಿದ್ದರೆ ನಿತ್ರಾಣ ಹೋಗುವುದಿಲ್ಲ ಎಂಬ ನಂಬಿಕೆ ಆಳವಾಗಿದೆ. ಹೆಸರಿಲ್ಲದಿದ್ದರೂ ಓಪ್ಯಾಟ್ ನಮ್ಮಲ್ಲಿ ಬಹಳ ಕಾಲದಿಂದ ನಡೆಯುತ್ತಿದೆ: ಕೈಗೆ ಕ್ಯಾನುಲಾ ಹಾಕಿಸಿಕೊಂಡು, ಮೇಲೊಂದು ಪ್ಲಾಸ್ಟರು ಸುತ್ತಿಕೊಂಡು, ಬೆಳಿಗ್ಗೆ ಸಂಜೆ ನರ್ಸಿಂಗ್ ಹೋಮಿಗೆ ಹೋಗಿ ಇಂಜೆಕ್ಷನ್ ತೆಗೆದುಕೊಂಡು ಬರುವವರನ್ನು ಯಾವ ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡಿನಲ್ಲಿಯೂ ಕಾಣಬಹುದು. ಇವರಲ್ಲಿ ಟೈಫಾಯ್ಡ್ ರೋಗಿಗಳು ಹಲವರು. ಟೈಫಾಯ್ಡಿಗೆ ಸೆಫ್ಟ್ರಿಯಾಕ್ಸೋನ್ ಒಳ್ಳೆಯ ಔಷಧಿ, ಆದರೆ ಜ್ವರ ಇಳಿಯಲು ನಾಲ್ಕೈದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಮೂರನೇ ದಿನ ಜ್ವರ ಇದೆಯೆಂದು ಮನೆಯವರು ಗಾಬರಿಯಾಗುತ್ತಾರೆ, ವೈದ್ಯರು ಬದಲಾಗುತ್ತಾರೆ, ಇನ್ನೂ ಪ್ರಬಲವಾದ ಮೆರೊಪೆನೆಮ್‌ವರೆಗೂ ಹೋಗುತ್ತದೆ. ಐದನೇ ದಿನ ಹೇಗಿದ್ದರೂ ಇಳಿಯಬೇಕಿದ್ದ ಜ್ವರ ಇಳಿದಾಗ ಕೀರ್ತಿ ಹೊಸ ಔಷಧಿಗೆ ಸಲ್ಲುತ್ತದೆ. ತೊಡಕಿಲ್ಲದ ಟೈಫಾಯ್ಡಿಗೆ ಅಜಿತ್ರೊಮೈಸಿನ್ ಮಾತ್ರೆಯೂ ಸಾಕಾಗುತ್ತದೆ ಎಂಬ ಮಾತು ಆ ಗದ್ದಲದಲ್ಲಿ ಕೇಳಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಸೆಫ್ಟ್ರಿಯಾಕ್ಸೋನ್ ಅನ್ನು ಕಣ್ಣಿಟ್ಟು ಬಳಸಬೇಕಾದ ಗುಂಪಿನಲ್ಲಿ ಇರಿಸಿದೆ. ಭಾರತದಲ್ಲಿಯೂ 2014ರಿಂದ ಅದು ಎಚ್1 ಪಟ್ಟಿಯಲ್ಲಿದೆ, ಮಾರಿದ ಲೆಕ್ಕವನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕು. ಹಾಸಿಗೆಯ ಅಡ್ಡಿ ಇಲ್ಲವಾದಾಗ ಇಂಥ ಔಷಧಿ ಕೊಡುವುದು ಎಷ್ಟು ಸುಲಭವಾಗುತ್ತದೋ ಅಷ್ಟೇ ಬೇಗ ಅದು ಸವೆಯುತ್ತದೆ. ಹೊರರೋಗಿ ಚಿಕಿತ್ಸೆಯನ್ನು ಹೊಗಳುವವರು ಈ ಭಯವನ್ನು ಬದಿಗಿಡಬಾರದು.

ಕುರ್ಚಿಗೆ ದಿನವೂ ಬರುವ ಅಗತ್ಯವನ್ನೇ ತೆಗೆದುಹಾಕುವ ಔಷಧಿಗಳೂ ಬಂದಿವೆ. 2014ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡಾಲ್ಬಾವ್ಯಾನ್ಸಿನ್ ದೇಹದಲ್ಲಿ ವಾರಗಟ್ಟಲೆ ಉಳಿಯುತ್ತದೆ. ಚರ್ಮದ ಸೋಂಕಿಗೆ 1,500 ಮಿಲಿಗ್ರಾಂ ಒಮ್ಮೆ ಏರಿಸಿದರೆ ಮುಗಿಯಿತು. ಮಾದಕದ್ರವ್ಯ ಚುಚ್ಚಿಕೊಳ್ಳುವ ಚಟವಿರುವವರಿಗೆ ಪಿಕ್ ಹಾಕಿ ಮನೆಗೆ ಕಳಿಸಲು ಅಲ್ಲಿನ ವೈದ್ಯರು ಹಿಂಜರಿಯುತ್ತಾರೆ, ಆ ರೋಗಿಗಳು ಆರು ವಾರ ವಾರ್ಡಿನಲ್ಲಿ ಇರಲು ಒಪ್ಪುವುದಿಲ್ಲ, ನಡುವೆಯೇ ಎದ್ದು ಹೋಗುತ್ತಾರೆ. ಅಂಥವರಿಗೆ ಇದು ಜೀವ ಉಳಿಸುವ ದಾರಿ. ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ರಕ್ತಕ್ಕೇರಿದ 200 ರೋಗಿಗಳ ಮೇಲಿನ ಡಾಲ್ಬಾವ್ಯಾನ್ಸಿನ್ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ವಾರದ ಅಂತರದಲ್ಲಿ ಕೊಟ್ಟ ಎರಡು ಡೋಸ್ ರೂಢಿಯ ಚಿಕಿತ್ಸೆಗಿಂತ ಮೇಲಾಗಲಿಲ್ಲ, ಆದರೆ ಗುಣಪಡಿಸುವುದರಲ್ಲಿ ಹಿಂದೆ ಬೀಳಲಿಲ್ಲ. ಬೆಲೆ ಮಾತ್ರ ಸಾವಿರಾರು ಡಾಲರ್.

ಹಣದ ವಿಷಯದಲ್ಲಿ ಅಮೆರಿಕ, ಭಾರತ ಎರಡೂ ದೇಶಗಳು ಒಂದೇ ತಪ್ಪು ಮಾಡಿವೆ ಎನಿಸುತ್ತದೆ. ಮೂಲ ಮೆಡಿಕೇರ್ ಇರುವ ಹಿರಿಯರಿಗೆ ಮನೆಯಲ್ಲಿ ಆಂಟಿಬಯೋಟಿಕ್ ಏರಿಸುವ ನರ್ಸು, ನಳಿಗೆ, ಸಾಮಗ್ರಿಗಳ ಖರ್ಚು ಬಹಳಷ್ಟು ಸಂದರ್ಭಗಳಲ್ಲಿ ಸಿಗುವುದಿಲ್ಲ; ಆದರೆ ನರ್ಸಿಂಗ್ ಕೇಂದ್ರಕ್ಕೆ ದಾಖಲಾದರೆ ಸಿಗುತ್ತದೆ. ಹಾಗಾಗಿ ನಡೆದಾಡುವ ಹಿರಿಯರು ಡ್ರಿಪ್ಪಿಗಾಗಿಯೇ ಅಲ್ಲಿ ವಾರಗಟ್ಟಲೆ ಮಲಗುತ್ತಾರೆ. ನಮ್ಮಲ್ಲಿ ಸಾಮಾನ್ಯ ಆರೋಗ್ಯ ವಿಮೆ 24 ಗಂಟೆ ದಾಖಲಾಗಬೇಕೆಂಬ ನಿಯಮದ ಮೇಲೆ ನಿಂತಿದೆ, ಆಯುಷ್ಮಾನ್ ಭಾರತ್ ಯೋಜನೆ ಹೊರರೋಗಿ ಚಿಕಿತ್ಸೆಯನ್ನು ಒಳಗೊಳ್ಳುವುದಿಲ್ಲ. ಅರ್ಧ ಗಂಟೆಯ ಕೆಲಸಕ್ಕೆ ಹಾಸಿಗೆ ಹಿಡಿದಿಡುವುದೇ ರೋಗಿಗೂ ಆಸ್ಪತ್ರೆಗೂ ಅನುಕೂಲವಾಗುವಂತೆ ನಿಯಮವೇ ಏರ್ಪಟ್ಟಿದೆ.

ದಾಖಲಾಗದೆ ಡ್ರಿಪ್ ಪಡೆಯುವ ಈ ಚಿಕಿತ್ಸೆ ಕರ್ನಾಟಕದಲ್ಲಿ ಅತಿ ಅಗತ್ಯವಾಗಿ ಬೇಕಾದ ಜಾಗ ಯಾವುದೆಂದರೆ ನಾನು ಕರಾವಳಿಯನ್ನು ತೋರಿಸುತ್ತೇನೆ, ಕಾರಣ ಮೆಲಿಯಾಯ್ಡೋಸಿಸ್. ಗದ್ದೆಯ ಕೆಸರಿನಲ್ಲಿ, ನಿಂತ ನೀರಿನಲ್ಲಿ ಬದುಕುವ ಬರ್ಕೋಲ್ಡೇರಿಯಾ ಸೂಡೊಮ್ಯಾಲಿಯೈ ಎಂಬ ಬ್ಯಾಕ್ಟೀರಿಯಾ ಮಳೆಗಾಲದಲ್ಲಿ ಗಾಯದ ಮೂಲಕವೋ ಉಸಿರಿನ ಮೂಲಕವೋ ಒಳಹೊಕ್ಕು, ವಿಶೇಷವಾಗಿ ಸಕ್ಕರೆ ಕಾಯಿಲೆಯವರ ಶ್ವಾಸಕೋಶ, ಯಕೃತ್ತು, ಗುಲ್ಮ, ಮೂಳೆಗಳಲ್ಲಿ ಕೀವು ಕಟ್ಟಿಸುತ್ತದೆ. ಕ್ಷಯವೆಂದು ತಪ್ಪು ತಿಳಿಯುವುದು ಸಾಮಾನ್ಯ. ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನ ಸಂಶೋಧಕರು ಉಡುಪಿ ಸುತ್ತಮುತ್ತಲಿನ ಇಂಥ ರೋಗಿಗಳ ಬಗ್ಗೆ ವರ್ಷಗಳಿಂದ ಬರೆಯುತ್ತಿದ್ದಾರೆ. ಚಿಕಿತ್ಸೆಯ ಮೊದಲ ಹಂತ ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್, ರಕ್ತನಾಳದಲ್ಲೇ, ಕನಿಷ್ಠ ಎರಡು ವಾರ. ಒಳಗೆ ಕೀವಿದ್ದರೆ ನಾಲ್ಕು ವಾರ, ಮೂಳೆಯಾದರೆ ಆರು, ಮಿದುಳಾದರೆ ಎಂಟು. ಆಮೇಲೆ ಕನಿಷ್ಠ ಮೂರು ತಿಂಗಳು ಕೋಟ್ರೈಮಾಕ್ಸಜೋಲ್ ಮಾತ್ರೆ. ನಾಟಿಯ ಹೊತ್ತಿನಲ್ಲಿ ಒಂದು ತಿಂಗಳು ಆಸ್ಪತ್ರೆಯಲ್ಲಿ ಕಳೆಯುವುದು ಕೃಷಿಕ ಕುಟುಂಬಕ್ಕೆ ಏನು ಎಂದು ವಿವರಿಸಬೇಕಿಲ್ಲ. ಜೀವ ಉಳಿದ ಮೇಲೆ ಚಿಕಿತ್ಸೆ ಅರ್ಧಕ್ಕೆ ಬಿಟ್ಟವರಿಗೆ ರೋಗ ಮರುಕಳಿಸಬಹುದು.

ಇದೇ ರೋಗ ಹೆಚ್ಚಾಗಿರುವ ಆಸ್ಟ್ರೇಲಿಯಾದ ಡಾರ್ವಿನ್ ನಗರದಲ್ಲಿ, ಸ್ಥಿರವಾದ ರೋಗಿಗಳಿಗೆ ಪಿಕ್ ಹಾಕಿ, ಇಡೀ ದಿನದ ಸೆಫ್ಟಾಜಿಡೈಮ್ ತುಂಬಿದ ಬಲೂನಿನಂಥ ಪಂಪನ್ನು ಸೊಂಟದ ಚೀಲದಲ್ಲಿಟ್ಟು ಕಳಿಸುತ್ತಾರೆ. ವಿದ್ಯುತ್ ಬೇಡ, ಕಂಬ ಬೇಡ. ರಬ್ಬರಿನ ಒತ್ತಡಕ್ಕೆ ಔಷಧಿ ತಾನಾಗಿ ಹನಿಯುತ್ತದೆ. ದಿನಕ್ಕೊಮ್ಮೆ ನರ್ಸ್ ಬಂದು ಬದಲಿಸುತ್ತಾರೆ. ಇದನ್ನು ಹಾಗೆಯೇ ಕುಂದಾಪುರಕ್ಕೋ ಬೆಳ್ತಂಗಡಿಗೋ ತರುವಾಗ ಒಂದು ಎಚ್ಚರ ಬೇಕು: ಕರಗಿಸಿಟ್ಟ ಸೆಫ್ಟಾಜಿಡೈಮ್ ಸೆಕೆಯಲ್ಲಿ ಒಡೆದು ಪಿರಿಡೀನ್ ಎಂಬ ಹಾನಿಕರ ವಸ್ತು ಉಂಟಾಗುತ್ತದೆ, ಮೆರೊಪೆನೆಮ್ ಇನ್ನೂ ಬೇಗ ಕೆಡುತ್ತದೆ. ಮೈಗೆ ಅಂಟಿಕೊಂಡ ಚೀಲದ ಉಷ್ಣಾಂಶ ಹೊರಗಿನದಕ್ಕಿಂತ ಕಡಿಮೆ ಇರುವುದಿಲ್ಲ. ತಂಪಿನ ಪೊಟ್ಟಣವೋ ದಿನಕ್ಕೆ ಎರಡು ಸಲ ಬದಲಿಸುವ ಏರ್ಪಾಡೋ ಇಲ್ಲದೆ ಇದು ಆಗದು.

ದಿನಕ್ಕೊಮ್ಮೆ ಕೊಡಬಹುದಾದ ಉಳಿದ ಔಷಧಿಗಳಿಗೆ ಇಷ್ಟು ತೊಡಕಿಲ್ಲ, ಅದಕ್ಕೆ ಬೇಕಾದ ಜಾಗವೂ ನಮ್ಮಲ್ಲಿ ಆಗಲೇ ಇದೆ. ರಾಜ್ಯದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಘಟಕಗಳು ನಡೆಯುತ್ತಿವೆ. ಡಯಾಲಿಸಿಸ್ ರೋಗಿಗೆ ಸ್ಟೆಫೈಲೊಕಾಕಸ್ ಸೋಂಕಾದರೆ ಸೆಫಜೋಲಿನ್ ಅನ್ನು ಪ್ರತಿ ಡಯಾಲಿಸಿಸ್ ಮುಗಿದ ಕೂಡಲೇ ಅದೇ ನಳಿಗೆಯಲ್ಲಿ ಕೊಡುತ್ತಾರೆ: ವಾರಕ್ಕೆ ಮೂರು ಸಲ ಬರುವವರಿಗೆ ಎರಡು ಗ್ರಾಂ, ಎರಡು ಗ್ರಾಂ, ಮುಂದಿನ ಬಿಡುವು ಉದ್ದವಿದ್ದರೆ ಮೂರು ಗ್ರಾಂ. ಹೊಸ ನಾಳ ಹುಡುಕಬೇಕಿಲ್ಲ, ದಾಖಲಾಗಬೇಕಿಲ್ಲ. ರಕ್ತಪರೀಕ್ಷೆ ಹೇಗೂ ನಡೆಯುತ್ತಿರುತ್ತದೆ, ರೋಗಿಯನ್ನು ಹೆಸರು ಹಿಡಿದು ಬಲ್ಲ ಟೆಕ್ನಿಶಿಯನ್ ಮತ್ತು ನರ್ಸ್ ಅಲ್ಲಿರುತ್ತಾರೆ. ಮೂಳೆಸೋಂಕಿನ ಆರು ವಾರ ಕಳೆಯಬೇಕಾದ ಇನ್ನೊಬ್ಬ ರೋಗಿಗೆ ಪಕ್ಕದ ಕೋಣೆಯಲ್ಲಿ ಒಂದು ಕುರ್ಚಿ, ಕೈಗೆಟಕುವಲ್ಲಿ ಅಡ್ರಿನಲಿನ್, ಜಿಲ್ಲಾಸ್ಪತ್ರೆಯಿಂದ ವಾರಕ್ಕೊಮ್ಮೆ ವರದಿಗಳನ್ನು ಓದುವ ಒಬ್ಬ ವೈದ್ಯರು, ಆ ಭೇಟಿಗಳಿಗೂ ಹಣ ಸಿಗುವಂತೆ ಯೋಜನೆಯ ಪಟ್ಟಿಯಲ್ಲಿ ಒಂದು ಸಾಲು. ಇಷ್ಟಾದರೆ ನಾಳೆಯೇ ಶುರುಮಾಡಬಹುದು.